ಮೊಂಡು ಬಿಟ್ಟಿಗೆ ಹೊಸ ಬಾಯಿ



ಇದು ಒಂದು ಸಣ್ಣ ಉಕ್ಕಿನ ಕಡ್ಡಿಯ ವಿಷಯ. ಬೆರಳಿನಷ್ಟು ಉದ್ದ. ಮೈಯೆಲ್ಲ ತಿರುಚಿದ ಗೆರೆ. ಮರಕ್ಕೆ, ಕಬ್ಬಿಣಕ್ಕೆ ತೂತು ಕೊರೆಯುವ ಕಡ್ಡಿ. ಹಳೆಯ ಕಾಲದ ಕೈ ಉಪಕರಣಕ್ಕೆ ನಾವು ಬೈರಿಗೆ ಎನ್ನುತ್ತೇವೆ. ಈಗ ಕರೆಂಟಿನ ಡ್ರಿಲ್ ಯಂತ್ರ ಬಂದಿದೆ. ಅದರ ತುದಿಗೆ ಸಿಕ್ಕಿಸುವ ಕಡ್ಡಿಗೆ ಎಲ್ಲರೂ 'ಬಿಟ್' ಎನ್ನುತ್ತಾರೆ. ನಾವೂ ಹಾಗೆಯೇ ಹೇಳೋಣ.

ಬಿಟ್ ಮೊಂಡಾದರೆ ಏನು ಮಾಡುವುದು? ಎಸೆಯುವುದೇ? ಗುಜರಿಗೆ ಹಾಕುವುದೇ? ಬನ್ನಿ, ಓದೋಣ.

ಹಲಗೆಯಿಂದ ಹೊಗೆ ಬಂತು

ಇನ್ನಂಜೆಯ ನಮ್ಮ ಕಲಿಕಾ ಕೇಂದ್ರಕ್ಕೆ ಒಂದು ಕರಿಹಲಗೆ ಬೇಕಿತ್ತು. ಹಳೆಯ ಹಲಸಿನ ಹಲಗೆಯೊಂದು ಸಿಕ್ಕಿತು. ಕಪ್ಪು ಬಣ್ಣ ಬಳಿದೆವು. ಗೋಡೆಗೆ ತೂಗು ಹಾಕಲು ಮೇಲೆ ಎರಡು ತೂತು ಆಗಬೇಕಿತ್ತು.

ಸಂಜೆ ಎಲ್ಲರೂ ಸೇರಿದ್ದರು. ಬೆಳಿಗ್ಗೆ ಮಲ್ಲಿಗೆ ಕೊಯ್ದು ಕಟ್ಟುವವರು, ಬೀಡಿ ಕಟ್ಟುವವರು, ಗದ್ದೆ ಕೆಲಸದವರು ಎಲ್ಲ ಇದ್ದರು. ನಾವು ಯಾರದೋ ಮನೆಯಿಂದ ಡ್ರಿಲ್ ಯಂತ್ರ ತಂದು ಹಲಗೆಗೆ ಒತ್ತಿದೆವು. ಯಂತ್ರ ಗುಂಯ್ ಎಂದಿತು. ತೂತು ಮಾತ್ರ ಆಗಲಿಲ್ಲ. ಇನ್ನೂ ಜೋರಾಗಿ ಒತ್ತಿದೆವು. ಹಲಗೆ ಕಪ್ಪಾಯಿತು. ಸುಟ್ಟ ವಾಸನೆ ಬಂತು. ಹೊಗೆಯೂ ಎದ್ದಿತು.

"ಎಂಥ ಟೀಚರೇ, ಹಲಗೆಯಲ್ಲಿ ಒಲೆ ಹೊತ್ತಿಸಿದಿರಾ?" ಎಂದು ಒಬ್ಬರು ನಕ್ಕರು.

"ಹಲಸಿನ ಮರ ಗಟ್ಟಿ, ಅದಕ್ಕೇ ಹೀಗೆ" ಎಂದೆವು ನಾವು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾವು ಹಾಗೆಯೇ ಮರವನ್ನು ಬೈದೆವು. ತಪ್ಪು ಮರದ್ದಲ್ಲ. ಬಿಟ್ ಮೊಂಡಾಗಿತ್ತು.

ಆಗ ಹಿಂದೆ ಕುಳಿತಿದ್ದ ಒಬ್ಬ ಅಕ್ಕ ಮೆಲ್ಲನೆ ಹೇಳಿದರು. "ನಮ್ಮಲ್ಲಿ ಒಂದು ತಗಡಿನ ಪೆಟ್ಟಿಗೆ ಉಂಟು ಟೀಚರೇ. ಅದರಲ್ಲಿ ಇಂಥದ್ದು ತುಂಬ ಉಂಟು. ಎಲ್ಲ ಮೊಂಡು. ನಾಳೆ ಗುಜರಿಯವನಿಗೆ ಕೊಡುವುದು ಅಂತ ಇದ್ದೆ."

ಅವರ ಯಜಮಾನರು ಮರದ ಕೆಲಸ ಮಾಡುತ್ತಿದ್ದರು. ತೀರಿಕೊಂಡು ಮೂರು ವರ್ಷ ಆಗಿತ್ತು. ಮನೆಯ ಹಿಂದೆ ಮಾಡು ಇಳಿಸಿ ಮಾಡಿದ ಸಣ್ಣ ಕೆಲಸದ ಜಾಗ ಹಾಗೆಯೇ ಇತ್ತು. ಡ್ರಿಲ್ ಯಂತ್ರ ಇತ್ತು. ಸಾಣೆ ಯಂತ್ರವೂ ಇತ್ತು.

"ನೀವು ಅದನ್ನು ಮುಟ್ಟಿದ್ದೀರಾ?" ಎಂದು ಕೇಳಿದೆವು.

"ಇಲ್ಲಪ್ಪ. ಆಯುಧಪೂಜೆಗೆ ಒರೆಸಿ ಕುಂಕುಮ ಇಟ್ಟದ್ದು ಮಾತ್ರ" ಎಂದರು.

"ಗುಜರಿಯವನಿಗೆ ನಾಳೆ ಬೇಡ ಅನ್ನಿ" ಎಂದೆವು. ಮಾರನೆಯ ದಿನ ಊರಿನ ಹಿರಿಯ ಆಚಾರಿಗಳೊಬ್ಬರನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆವು. ಅಲ್ಲಿ ನಾವು ಕಲಿತದ್ದನ್ನೇ ಇಲ್ಲಿ ಬರೆದಿದ್ದೇವೆ.

ಮೊದಲು ಬಿಟ್ಟನ್ನು ಓದಬೇಕು

ಆಚಾರಿಗಳು ಪೆಟ್ಟಿಗೆಯ ಬಿಟ್ಟುಗಳನ್ನು ನೆಲದಲ್ಲಿ ಹರಡಿದರು. "ತಂಗಿ, ಇದರ ಬಾಲದಲ್ಲಿ ಏನು ಬರೆದಿದೆ ನೋಡು" ಎಂದರು.

ಅಕ್ಕ ಬೆಳಕಿಗೆ ಹಿಡಿದು ನೋಡಿದರು. "6 ಅಂತ ಉಂಟು. ಇದರಲ್ಲಿ 8. ಇದರಲ್ಲಿ ಮೂರು ಇಂಗ್ಲಿಷ್ ಅಕ್ಷರ ಉಂಟು."

6 ಎಂದರೆ 6 ಮಿಲಿಮೀಟರ್ ದಪ್ಪ. ಅದು ಕೊರೆಯುವ ತೂತು ಕೂಡ ಅಷ್ಟೇ ಅಗಲ. ಮಕ್ಕಳ ಅಡಿಪಟ್ಟಿಯಲ್ಲಿ ಸಣ್ಣ ಸಣ್ಣ ಗೆರೆ ಇರುತ್ತದಲ್ಲ, ಒಂದು ಗೆರೆಯಿಂದ ಮುಂದಿನ ಗೆರೆಗೆ ಒಂದು ಮಿಲಿಮೀಟರ್. ಆ ಮೂರು ಅಕ್ಷರ 'ಎಚ್‌ಎಸ್‌ಎಸ್'. ಅಂದರೆ ಅದು ಬಿಸಿ ತಡೆಯುವ ವಿಶೇಷ ಉಕ್ಕು.

ಮೂರು ವರ್ಷ ಪೆಟ್ಟಿಗೆಯಲ್ಲಿದ್ದ ಅಕ್ಷರ ಅದು. ಅಕ್ಕ ಅದನ್ನು ಓದಿದ್ದು ಅಂದೇ ಮೊದಲು.

ಪೆಟ್ಟಿಗೆಯಲ್ಲಿ ಇನ್ನೊಂದು ಜಾತಿಯ ಬಿಟ್ಟುಗಳೂ ಇದ್ದವು. ಅವುಗಳ ತುದಿಯಲ್ಲಿ ಬೇರೆ ಲೋಹದ ಸಣ್ಣ ಬಿಲ್ಲೆ ಕೂರಿಸಿರುತ್ತದೆ. ಅವು ಗೋಡೆ ಕೊರೆಯುವ ಬಿಟ್ಟುಗಳು. ನಮ್ಮ ಕಡೆಯ ಕೆಂಪುಕಲ್ಲಿನ ಗೋಡೆಗೆ, ಸಿಮೆಂಟಿಗೆ ಅವೇ ಆಗಬೇಕು. ಆ ಬಿಲ್ಲೆ ಬಹಳ ಗಟ್ಟಿ. ಸಾಮಾನ್ಯ ಸಾಣೆಕಲ್ಲು ಅದಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಕಲ್ಲು ಬೇಕು. ಆದ್ದರಿಂದ ಅವನ್ನು ಬೇರೆ ಇಟ್ಟೆವು. ನಾವು ಕಲಿತದ್ದು ಮರ ಮತ್ತು ಕಬ್ಬಿಣ ಕೊರೆಯುವ ಬಿಟ್ಟಿನ ವಿಷಯ.

ಬಿಟ್ ಹೇಗೆ ಕೊರೆಯುತ್ತದೆ?

ಬಿಟ್ ಮೊಳೆಯ ಹಾಗೆ ಚುಚ್ಚುವುದಿಲ್ಲ. ಅದು ಕತ್ತರಿಸುತ್ತದೆ.

ತುದಿಯನ್ನು ಹತ್ತಿರದಿಂದ ನೋಡಿ. ಅಲ್ಲಿ ಎರಡು ಸಣ್ಣ ಅಲಗುಗಳಿವೆ. ಒಂದು ಈಚೆ, ಒಂದು ಆಚೆ. ಎರಡು ಪುಟ್ಟ ಕತ್ತಿಗಳು ಎಂದುಕೊಳ್ಳಿ. ಬಿಟ್ ತಿರುಗುವಾಗ ಈ ಎರಡು ಕತ್ತಿಗಳು ಮರವನ್ನು ಸುತ್ತ ಸುತ್ತ ಹೆರೆಯುತ್ತವೆ. ಹೆರೆದ ಹುಡಿ ತಿರುಚಿದ ಗೆರೆಯ ದಾರಿಯಲ್ಲಿ ಮೇಲೆ ಬರುತ್ತದೆ. ಆ ಗೆರೆ ಇರುವುದು ಚೆಂದಕ್ಕಲ್ಲ. ಅದು ಹುಡಿ ಹೊರಗೆ ಬರುವ ತೋಡು.

ಪ್ರತಿ ಅಲಗಿನ ಹಿಂದೆ ಸ್ವಲ್ಪ ಅಗಲದ ಜಾಗ ಇದೆ. ಅದಕ್ಕೆ 'ಬೆನ್ನು' ಎನ್ನೋಣ. ಮುಖ್ಯ ಗುಟ್ಟು ಇರುವುದು ಅಲ್ಲೇ. ಅಲಗು ಮುಂದೆ ಇರಬೇಕು. ಬೆನ್ನು ಅದಕ್ಕಿಂತ ತಗ್ಗಿರಬೇಕು.

ಯಾಕೆ? ದೋಸೆ ಎಬ್ಬಿಸುವುದನ್ನು ನೆನಪಿಸಿಕೊಳ್ಳಿ. ಸಟ್ಟುಗದ ಅಂಚು ಕಾವಲಿಗೆ ತಾಗಿದರೆ ದೋಸೆ ಏಳುತ್ತದೆ. ಅಂಚು ಮೇಲಾಗಿ ಹಿಂಬದಿ ತಾಗಿದರೆ? ಎಷ್ಟು ಒತ್ತಿದರೂ ದೋಸೆ ಏಳುವುದಿಲ್ಲ. ಹರಿದು ಹೋಗುತ್ತದೆ ಅಷ್ಟೇ. ಬಿಟ್ಟಿನ ಕತೆಯೂ ಇದೇ. ಅಲಗು ಸವೆದು ಬೆನ್ನು ಎತ್ತರವಾದರೆ ಬೆನ್ನೇ ಮರಕ್ಕೆ ಉಜ್ಜುತ್ತದೆ. ಉಜ್ಜಿದರೆ ಬಿಸಿ. ಬಿಸಿಯಾದರೆ ಹೊಗೆ. ನಮ್ಮ ಹಲಗೆಯಲ್ಲಿ ಆದದ್ದು ಇಷ್ಟೇ.

ಮೊಂಡು ಆಯುಧವೇ ಅಪಾಯ

ಹರಿತದ ಕತ್ತಿ ಕೈ ಕೊಯ್ಯುತ್ತದೆ ಎಂದು ನಮಗೆ ಹೆದರಿಕೆ. ಆದರೆ ಮೆಟ್ಟುಕತ್ತಿ ಮೊಂಡಾದಾಗ ಏನಾಗುತ್ತದೆ? ತರಕಾರಿಯನ್ನು ಬಲ ಹಾಕಿ ಒತ್ತುತ್ತೇವೆ. ತರಕಾರಿ ಜಾರುತ್ತದೆ. ಕೈ ಅಲಗಿಗೆ ಹೋಗುತ್ತದೆ.

ಮೊಂಡು ಬಿಟ್ಟಿಗೂ ನಾವು ಬಲ ಹಾಕುತ್ತೇವೆ. ಬಿಟ್ ಜಾರಿ ಕೈಗೆ ಬರಬಹುದು. ತುಂಡಾಗಿ ಕಣ್ಣಿಗೆ ಹಾರಬಹುದು. ಯಂತ್ರವೂ ಬಿಸಿಯಾಗಿ ಹಾಳಾಗಬಹುದು. ಒತ್ತಬೇಕಾಗಿ ಬಂದರೆ ಬಾಯಿ ಹೋಗಿದೆ ಎಂದು ತಿಳಿಯಿರಿ. ಒತ್ತುವುದನ್ನು ನಿಲ್ಲಿಸಿ. ಬಿಟ್ ತೆಗೆದು ಸಾಣೆ ಹಿಡಿಯಿರಿ.

ಸಾಣೆಗೆ ಮೊದಲು

ಸಾಣೆ ಯಂತ್ರಕ್ಕೂ ಗ್ರೈಂಡರ್ ಎನ್ನುತ್ತಾರೆ. ಇದು ಅಕ್ಕಿ ಅರೆಯುವ ಗ್ರೈಂಡರ್ ಅಲ್ಲ. ಇದರ ಕಲ್ಲು ಬಹಳ ವೇಗವಾಗಿ ತಿರುಗುತ್ತದೆ. ಆಚಾರಿಗಳು ಯಂತ್ರ ಮುಟ್ಟುವ ಮೊದಲೇ ಈ ಮಾತು ಹೇಳಿದರು. ನೀವೂ ಇದನ್ನು ಎರಡು ಸಲ ಓದಿ.

1. ಕಣ್ಣಿಗೆ ಕನ್ನಡಕ ಹಾಕಲೇಬೇಕು. ಕೆಲಸಕ್ಕೆಂದೇ ಮಾಡಿದ ದಪ್ಪ ಕನ್ನಡಕ ಸಿಗುತ್ತದೆ. ಉಕ್ಕಿನ ಕಿಡಿ ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು.

2. ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿ. ಶಾಲು ತೆಗೆದಿಡಿ. ಜಡೆಯನ್ನು ಮೇಲೆ ಕಟ್ಟಿ. ಬಳೆ, ಉದ್ದದ ಸರ ತೆಗೆದಿಡಿ. ತಿರುಗುವ ಕಲ್ಲು ಬಟ್ಟೆ ಎಳೆದುಕೊಂಡರೆ ಬಿಡಿಸಿಕೊಳ್ಳಲು ಸಮಯ ಇರುವುದಿಲ್ಲ.

3. ಕೈಗವಸು ಹಾಕಬಾರದು. ಅದನ್ನೂ ಕಲ್ಲು ಎಳೆದುಕೊಳ್ಳುತ್ತದೆ.

4. ಕಲ್ಲಿನಲ್ಲಿ ಬಿರುಕು ಇದೆಯೇ ನೋಡಿ. ಬಿರುಕು ಬಿಟ್ಟ ಕಲ್ಲು ತಿರುಗುವಾಗ ಒಡೆದು ಹಾರುತ್ತದೆ. ಅದನ್ನು ಬಳಸಲೇಬಾರದು.

5. ಬಿಟ್ ಆನಿಸಲು ಕಲ್ಲಿನ ಮುಂದೆ ಒಂದು ಪಟ್ಟಿ ಇರುತ್ತದೆ. ಆ ಪಟ್ಟಿಗೂ ಕಲ್ಲಿಗೂ ನಡುವೆ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಇರಬಾರದು. ಸಂದು ದೊಡ್ಡದಾದರೆ ಬಿಟ್ ಒಳಗೆ ಸಿಕ್ಕಿಕೊಳ್ಳುತ್ತದೆ. ಕಲ್ಲು, ಪಟ್ಟಿ ನೋಡುವಾಗ ಪ್ಲಗ್ ತೆಗೆದಿರಬೇಕು.

6. ಯಂತ್ರ ಹಾಕುವಾಗ ಕಲ್ಲಿನ ಎದುರು ನಿಲ್ಲಬೇಡಿ. ಪಕ್ಕಕ್ಕೆ ನಿಲ್ಲಿ. ಒಂದು ನಿಮಿಷ ಖಾಲಿ ತಿರುಗಲಿ. ಮತ್ತೆ ಕೆಲಸ ಶುರು ಮಾಡಿ.

7. ಮಕ್ಕಳು ದೂರ ಇರಲಿ. ಮೊದಲ ಸಲ ಮಾಡುವಾಗ ಕೆಲಸ ಬಲ್ಲವರು ಪಕ್ಕದಲ್ಲಿರಲಿ.

ಸಾಣೆ ಹಿಡಿಯುವ ಕ್ರಮ

ಪಕ್ಕದಲ್ಲಿ ಒಂದು ಬಟ್ಟಲು ನೀರು ಇಟ್ಟುಕೊಳ್ಳಿ.

ಬಿಟ್ಟಿನ ತುದಿಯ ಹತ್ತಿರ ಎಡಗೈ ಬೆರಳು. ಬಾಲದ ಹತ್ತಿರ ಬಲಗೈ. ಎಡಗೈ ಬೆರಳು ಪಟ್ಟಿಯ ಮೇಲೆ ಆನಿಸಿರಲಿ. ಬಿಟ್ ಕಲ್ಲಿಗೆ ನೇರವಾಗಿ ಇರಬಾರದು. ಓರೆಯಾಗಿ ಇರಬೇಕು. ಎಷ್ಟು ಓರೆ ಎಂದು ಮುಂದೆ ಹೇಳುತ್ತೇವೆ.

ಒಂದು ಅಲಗು ಮೇಲ್ಮುಖವಾಗಿ, ನೆಲಕ್ಕೆ ಸಮನಾಗಿ ಇರಲಿ. ಮೊದಲು ಆ ಅಲಗು ಕಲ್ಲಿಗೆ ತಾಗಲಿ. ಮೆಲ್ಲನೆ ತಾಗಿಸಿ. ಒತ್ತಬೇಡಿ. ತಾಗಿದ ಕೂಡಲೇ ಬಲಗೈಯನ್ನು ಸ್ವಲ್ಪ ಸ್ವಲ್ಪ ಕೆಳಗೆ ಇಳಿಸಿ. ಬಾಲ ಕೆಳಗೆ ಹೋದ ಹಾಗೆ ಅಲಗಿನ ಹಿಂದಿನ ಬೆನ್ನು ಸವೆಯುತ್ತದೆ. ಬೆನ್ನು ತಗ್ಗಾಗುತ್ತದೆ. ನಮಗೆ ಬೇಕಾದದ್ದು ಅದೇ.

ಬಾಲವನ್ನು ಮೇಲೆ ಎತ್ತಬೇಡಿ. ಎತ್ತಿದರೆ ಅಲಗೇ ಸವೆದು ಹೋಗುತ್ತದೆ.

ಹೀಗೆ ಎರಡು ಸಲ ಮಾಡಿ. ಮತ್ತೆ ಬಿಟ್ಟನ್ನು ಅರ್ಧ ಸುತ್ತು ತಿರುಗಿಸಿ. ಈಗ ಆಚೆಯ ಅಲಗು ಮೇಲೆ ಬಂತು. ಅದಕ್ಕೂ ಎರಡೇ ಸಲ. ಈಚೆ ಎರಡು, ಆಚೆ ಎರಡು. ಲೆಕ್ಕ ತಪ್ಪಬಾರದು.

ನಡುವೆ ಬಿಟ್ಟನ್ನು ನೀರಿಗೆ ಅದ್ದಿ. ಬೆರಳಿಗೆ ಬಿಸಿ ತಾಗುವ ಮೊದಲೇ ಅದ್ದಬೇಕು.

ನೀಲಿ ಬಣ್ಣ ಬಂದರೆ

ಉಕ್ಕಿಗೆ ಗಟ್ಟಿತನ ಬಂದದ್ದು ಹದ ಹಾಕಿದ್ದರಿಂದ. ಕಮ್ಮಾರರು ಕತ್ತಿಯನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದುವುದನ್ನು ನೀವು ನೋಡಿರಬಹುದು. ಅದೇ ಹದ. ಸಾಣೆಯಲ್ಲಿ ಉಕ್ಕು ಅತಿಯಾಗಿ ಕಾದರೆ ಹದ ಹೋಗುತ್ತದೆ. ಸಾದಾ ಉಕ್ಕು ಸುಮಾರು 300 ಡಿಗ್ರಿ ಬಿಸಿಗೆ ನೀಲಿಯಾಗುತ್ತದೆ. ನೀಲಿಯಾದ ಜಾಗ ಮೆತ್ತಗೆ. ಅದಕ್ಕೆ ಬಾಯಿ ನಿಲ್ಲುವುದಿಲ್ಲ. ಆ ನೀಲಿ ಭಾಗವನ್ನು ನಿಧಾನವಾಗಿ ಸಾಣೆ ಹಿಡಿದು ತೆಗೆದುಬಿಡಬೇಕು.

ಎಚ್‌ಎಸ್‌ಎಸ್ ಬಿಟ್ ಇದಕ್ಕಿಂತ ಹೆಚ್ಚು ತಡೆಯುತ್ತದೆ. ಸುಮಾರು 600 ಡಿಗ್ರಿವರೆಗೂ ಅದರ ಗಟ್ಟಿತನ ಉಳಿಯುತ್ತದೆ. ನೀರು ಕುದಿಯುವುದು 100 ಡಿಗ್ರಿಯಲ್ಲಿ. ಹೋಲಿಸಿ ನೋಡಿ. ಆದರೆ ಅದು ಕೆಂಪಗೆ ಕಾದಿದ್ದರೆ ತಟ್ಟನೆ ನೀರಿಗೆ ಹಾಕಬಾರದು. ಬಾಯಿ ಬಿರುಕು ಬಿಡುತ್ತದೆ. ಹಾಗೆಯೇ ಆರಲು ಬಿಡಿ.

ಸರಿಯಾಗಿದೆಯೇ? ಮೂರು ಪರೀಕ್ಷೆ

ಒಂದು: ಎರಡು ಅಲಗೂ ಸಮ ಉದ್ದ ಇರಬೇಕು. ಅಡಿಪಟ್ಟಿ ಇಟ್ಟು ಅಳೆಯಿರಿ. ಒಂದು ಉದ್ದ, ಒಂದು ಗಿಡ್ಡ ಆದರೆ ಬಿಟ್ ನಡು ತಪ್ಪಿ ತಿರುಗುತ್ತದೆ. 6 ಮಿಲಿಮೀಟರಿನ ಬಿಟ್ 6ಕ್ಕಿಂತ ದೊಡ್ಡ ತೂತು ಮಾಡುತ್ತದೆ. ಸ್ಕ್ರೂ ನಿಲ್ಲುವುದಿಲ್ಲ.

ಎರಡು: ಎರಡು ಅಲಗಿನ ಓರೆ ಒಂದೇ ಆಗಿರಬೇಕು. ತುದಿಯ ಒಟ್ಟು ಕೋನ ಸಾಮಾನ್ಯವಾಗಿ 118 ಡಿಗ್ರಿ. ಅಂದರೆ ಒಂದೊಂದು ಬದಿಗೆ 59. ಇದನ್ನು ಅಳೆಯುವುದು ಹೇಗೆ? ಆಚಾರಿಗಳು ಒಂದು ಸುಲಭದ ದಾರಿ ತೋರಿಸಿದರು. ಆರು ಮೂಲೆಯ ಎರಡು ನಟ್ ತೆಗೆದುಕೊಳ್ಳಿ. ಎರಡೂ ಒಂದೇ ಅಳತೆಯವು ಇರಲಿ. ಮೇಜಿನ ಮೇಲೆ ಒಂದರ ಬದಿಗೆ ಇನ್ನೊಂದರ ಬದಿ ತಾಗಿಸಿ ಇಡಿ. ಎರಡರ ನಡುವೆ ಒಂದು ತಗ್ಗು ಕಾಣುತ್ತದೆ. ಅದರ ಕೋನ 120 ಡಿಗ್ರಿ. ನಮಗೆ ಬೇಕಾದದ್ದಕ್ಕೆ ತೀರ ಹತ್ತಿರ. ಬಿಟ್ಟಿನ ತುದಿಯನ್ನು ಆ ತಗ್ಗಿಗೆ ಇಟ್ಟು ಬೆಳಕಿಗೆ ನೋಡಿ. ಎರಡು ಬದಿಯೂ ಕೂತರೆ ಸರಿ. ಒಂದು ಬದಿಯಲ್ಲಿ ಬೆಳಕು ಕಂಡರೆ ಆ ಓರೆ ಸರಿಯಾಗಿಲ್ಲ.

ಮೂರು: ಬೆನ್ನು ಅಲಗಿಗಿಂತ ತಗ್ಗಿರಬೇಕು. ಸ್ವಲ್ಪ ತಗ್ಗು ಸಾಕು. ತುಂಬ ತಗ್ಗಿಸಿದರೆ ಅಲಗು ತೆಳುವಾಗಿ ಮುರಿಯುತ್ತದೆ.

ಕೊನೆಗೆ ಒಂದು ಮರದ ತುಂಡಿಗೆ ಕೊರೆದು ನೋಡಿ. ಎರಡು ತೋಡಿನಿಂದಲೂ ಒಂದೇ ರೀತಿ ಹುಡಿ ಬಂದರೆ ನೀವು ಗೆದ್ದಿರಿ. ಒಂದರಿಂದ ಮಾತ್ರ ಬಂದರೆ ಒಂದೇ ಅಲಗು ಕೆಲಸ ಮಾಡುತ್ತಿದೆ ಎಂದರ್ಥ. ಕಬ್ಬಿಣಕ್ಕೆ ಕೊರೆಯುವಾಗ ಒಂದೆರಡು ತೊಟ್ಟು ಎಣ್ಣೆ ಬಿಡಿ. ಬಿಸಿ ಕಡಿಮೆಯಾಗುತ್ತದೆ. ಬಾಯಿ ಬಾಳುತ್ತದೆ.

ಇದು ಹಳೆಯ ವಿದ್ಯೆ

ತೂತು ಕೊರೆಯುವುದು ಇಂದು ನಿನ್ನೆಯ ಕೆಲಸವಲ್ಲ. ಗುಜರಾತಿನಲ್ಲಿ ಧೋಲಾವೀರ ಎಂಬ ಜಾಗ ಇದೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿಯ ಜನ ಕೆಂಪು ಕಲ್ಲಿನ ಉದ್ದ ಮಣಿಗಳಿಗೆ ತೂತು ಕೊರೆದರು. ಗಟ್ಟಿ ಕಲ್ಲಿನ ಬಿಟ್ಟುಗಳಿಂದಲೇ ಕೊರೆದರು. ಆ ಮಣಿಗಳ ಸರ ದೂರ ದೂರದ ದೇಶಗಳಿಗೆ ಹೋಗುತ್ತಿತ್ತು.

ನಾವು ಈಗ ಬಳಸುವ ತಿರುಚಿದ ಬಿಟ್ಟಿಗೆ 1863ರಲ್ಲಿ ಅಮೆರಿಕದ ಸ್ಟೀಫನ್ ಮೋರ್ಸ್ ಎಂಬವರು ಪೇಟೆಂಟ್ ಪಡೆದರು. ಬಿಸಿ ತಡೆಯುವ ಉಕ್ಕನ್ನು 1900ರಲ್ಲಿ ಪ್ಯಾರಿಸ್ ನಗರದ ದೊಡ್ಡ ಪ್ರದರ್ಶನದಲ್ಲಿ ಜನರಿಗೆ ತೋರಿಸಿದರು.

ದೂರ ಯಾಕೆ? ನಮ್ಮ ಕಾರ್ಕಳದ ಗೊಮ್ಮಟನನ್ನೇ ನೋಡಿ. ಒಂದೇ ಕಲ್ಲು. ಸುಮಾರು 42 ಅಡಿ ಎತ್ತರ. 1432ರಲ್ಲಿ ಪ್ರತಿಷ್ಠೆಯಾಯಿತು. ಗಟ್ಟಿ ಕಲ್ಲಿಗೆ ಉಳಿ ಹಿಡಿದರೆ ಉಳಿಯ ಬಾಯಿ ಬೇಗ ಹೋಗುತ್ತದೆ. ಮತ್ತೆ ಮತ್ತೆ ಬಾಯಿ ಮಾಡಬೇಕು. ಕೆತ್ತಿದವರ ಕೈ ಎಷ್ಟು ಮುಖ್ಯವೋ, ಉಳಿಗೆ ಬಾಯಿ ಮಾಡಿದವರ ಕೈಯೂ ಅಷ್ಟೇ ಮುಖ್ಯ.

ಕರಿಹಲಗೆ ಗೋಡೆ ಏರಿತು

ಅಂದು ಆಚಾರಿಗಳು ಮೊದಲ ಬಿಟ್ಟಿಗೆ ತಾವೇ ಸಾಣೆ ಹಿಡಿದರು. ಎರಡನೆಯದನ್ನು ಅಕ್ಕನ ಕೈಗೆ ಕೊಟ್ಟರು.

"ನನಗೆ ಬರ್ಲಿಕ್ಕಿಲ್ಲ" ಎಂದರು ಅಕ್ಕ.

"ಗದ್ದೆಯ ಕತ್ತಿ ಯಾರು ಮಸೆಯುವುದು?" ಎಂದು ಆಚಾರಿಗಳು ಕೇಳಿದರು.

"ನಾನೇ."

"ಮಸೆಯುವಾಗ ಕತ್ತಿಯನ್ನು ಕಲ್ಲಿಗೆ ಎಷ್ಟು ಓರೆ ಹಿಡಿಯಬೇಕು ಅಂತ ನಿನ್ನ ಕೈಗೆ ಗೊತ್ತುಂಟಲ್ಲ? ಇದೂ ಅದೇ. ಕತ್ತಿ ಸಣ್ಣದು, ಕಲ್ಲು ಜೋರು. ಅಷ್ಟೇ ವ್ಯತ್ಯಾಸ."

ಅಕ್ಕ ಹಿಡಿದ ಮೊದಲ ಬಿಟ್ ಕೆಟ್ಟಿತು. ಒಂದು ಅಲಗು ಉದ್ದವಾಯಿತು. ಎರಡನೆಯದಕ್ಕೆ ನೀಲಿ ಬಣ್ಣ ಬಂತು. ನಾವೂ ಒಂದೊಂದು ಮಾಡಿದೆವು. ನಮ್ಮದು ಅಕ್ಕನದಕ್ಕಿಂತ ಹಾಳಾಯಿತು. ಅಕ್ಕನ ಮೂರನೆಯದು ನಟ್ಟಿನ ತಗ್ಗಿನಲ್ಲಿ ಸರಿಯಾಗಿ ಕೂತಿತು. ಒಂದಿಷ್ಟೂ ಬೆಳಕು ಕಾಣಲಿಲ್ಲ.

ಸಂಜೆ ಆ ಬಿಟ್ಟನ್ನೇ ಕೇಂದ್ರಕ್ಕೆ ತಂದೆವು. ಯಂತ್ರವನ್ನು ಅಕ್ಕನೇ ಹಿಡಿದರು. ಒತ್ತಲೇ ಇಲ್ಲ. ಹಳದಿ ಬಣ್ಣದ ಹಲಸಿನ ಹುಡಿ ಸುರುಳಿ ಸುರುಳಿಯಾಗಿ ಮೇಲೆ ಬಂತು. ಹೊಗೆ ಇಲ್ಲ, ಸುಟ್ಟ ವಾಸನೆ ಇಲ್ಲ. ಮರದ ಪರಿಮಳ ಬಂತು.

"ಅವರು ಕೆಲಸ ಮಾಡುವಾಗ ಮನೆಯಲ್ಲಿ ಇದೇ ವಾಸನೆ ಇರ್ತಿತ್ತು" ಎಂದರು ಅಕ್ಕ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಮತ್ತೆ ಎರಡನೆಯ ತೂತಿಗೆ ಗುರುತು ಹಾಕಿದೆವು.

ಗುಜರಿಯವನು ಬಂದಾಗ ಅಕ್ಕ ಪೆಟ್ಟಿಗೆ ಕೊಡಲಿಲ್ಲ. ತುಕ್ಕು ಹಿಡಿದು ಮುರಿದದ್ದನ್ನು ಮಾತ್ರ ಕೊಟ್ಟರು. ಉಳಿದದ್ದನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿದರು. 4, 5, 6, 8 ಎಂದು ಚೀಟಿ ಬರೆದು ಸಾಲಾಗಿ ಇಟ್ಟರು. ಚೀಟಿ ಬರೆದದ್ದೂ ಅವರೇ. ಈಗ ನೆರೆಮನೆಯವರು ಮೊಂಡು ಬಿಟ್ ಹಿಡಿದುಕೊಂಡು ಅವರಲ್ಲಿಗೆ ಬರುತ್ತಾರೆ. ಪುಕ್ಕಟೆ ಮಾಡಿಕೊಡಬೇಡಿ ಎಂದು ನಾವು ಹೇಳಿದ್ದೇವೆ. ಕೈಕೆಲಸಕ್ಕೆ ಕೂಲಿ ಇದೆ.

ಮುಂದಿನ ಆಯುಧಪೂಜೆಗೆ ಆ ಪೆಟ್ಟಿಗೆಗೆ ಕುಂಕುಮ ಇಡುವವರು ಅಕ್ಕನೇ. ಒಳಗೆ ಏನಿದೆ, ಯಾವುದು ಯಾವುದಕ್ಕೆ ಎಂದು ಈಗ ಅವರಿಗೆ ಗೊತ್ತು.

ಓದಿ, ಮಾತಾಡೋಣ

1. ನಿಮ್ಮ ಮನೆಯಲ್ಲಿ ಮೊಂಡಾದ ಯಾವ ಯಾವ ಆಯುಧ ಇದೆ? ಪಟ್ಟಿ ಬರೆಯಿರಿ.

2. ಹಲಗೆಯಿಂದ ಹೊಗೆ ಬಂದದ್ದು ಯಾಕೆ? ನಿಮ್ಮ ಮಾತಿನಲ್ಲಿ ಹೇಳಿ.

3. ಸಾಣೆ ಯಂತ್ರದ ಹತ್ತಿರ ಹೋಗುವ ಮೊದಲು ಏನೇನು ತೆಗೆದಿಡಬೇಕು?

4. ಒಂದು ಬಿಟ್ಟಿನ ಬಾಲದಲ್ಲಿ 10 ಎಂದು ಬರೆದಿದೆ. ಅದು ಎಷ್ಟು ಅಗಲದ ತೂತು ಕೊರೆಯುತ್ತದೆ? ಅಡಿಪಟ್ಟಿಯಲ್ಲಿ ತೋರಿಸಿ.

5. ಹೆಂಗಸರು ಮುಟ್ಟಬಾರದು ಎಂದು ನಿಮ್ಮ ಮನೆಯಲ್ಲಿ ಇಟ್ಟಿರುವ ಉಪಕರಣ ಯಾವುದಾದರೂ ಇದೆಯೇ? ಯಾಕೆ ಮುಟ್ಟಬಾರದು? ಎಲ್ಲರೂ ಕುಳಿತು ಮಾತಾಡಿ.